ಪಾಳಿಯ ದುಡಿಮೆ ಮತ್ತು ದಾದಿಯರ ವೃತ್ತಿತೃಪ್ತಿ

ಭಾರತದ ಬಹಳಷ್ಟು ಆಸ್ಪತ್ರೆಗಳಲ್ಲಿ ದಾದಿಯರ ಕೆಲಸವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿಗಳಾಗಿ ಹಂಚುವ ರೂಢಿಯಿದ್ದು, ಮೊದಲಿನ ಎರಡು ತಲಾ 6 ಗಂಟೆಯವಾದರೆ ಮೂರನೆಯದು 12 ಗಂಟೆಯದು, ಎಂದರೆ ಅವೆರಡನ್ನೂ ಕೂಡಿದಷ್ಟು ದೀರ್ಘವಾದದ್ದು. ನೈಟ್ ಡ್ಯೂಟಿಯ ದಣಿವನ್ನು ಕೇವಲ ಅಭ್ಯಾಸಬಲದಿಂದ ಗೆಲ್ಲಬಹುದೆಂಬ ನಂಬಿಕೆಗೆ ಶರೀರಶಾಸ್ತ್ರದ ಬೆಂಬಲವಿಲ್ಲ.

ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪು ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ನಿದ್ರೆ, ಎಚ್ಚರ ಮತ್ತು ದೇಹದ ಉಷ್ಣತೆಯ ಏರಿಳಿತಗಳನ್ನು ನಿಯಂತ್ರಿಸುತ್ತದೆ. ಇದನ್ನೇ ಜೈವಿಕ ಗಡಿಯಾರವೆನ್ನುತ್ತಾರೆ. ನಸುಕಿನಲ್ಲಿ ಈ ಗಡಿಯಾರ ಎಚ್ಚರವನ್ನು ತೀರ ಕೆಳಮಟ್ಟಕ್ಕೆ ಇಳಿಸಿರುವಾಗಲೇ ವಾರ್ಡಿನಲ್ಲಿ ರಕ್ತದ ಸ್ಯಾಂಪಲ್ ತೆಗೆಯುವುದು, ಮೂತ್ರದ ಪ್ರಮಾಣ ಅಳೆದು ಬರೆಯುವುದು, ಡ್ರಿಪ್ ಬಾಟಲಿ ಬದಲಿಸುವುದು, ಬೆಳಗಿನ ಆಪರೇಷನ್‌ಗೆ ರೋಗಿಯನ್ನು ಸಿದ್ಧಗೊಳಿಸುವುದು ಒಂದರ ಹಿಂದೊಂದು ಬರುತ್ತವೆ. ಪಾಳಿ ಮುಗಿದ ಮೇಲೂ ಪ್ರತಿಯೊಂದು ಹಾಸಿಗೆಯ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ವಿವರಿಸುವ ಹ್ಯಾಂಡೋವರ್ ಉಳಿದಿರುತ್ತದೆ. ಅದನ್ನು ಮುಗಿಸಿ ಹೊರಬಿದ್ದಾಗ ಬಿಸಿಲು ನಿದ್ರೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುವುದರಿಂದ, ಹಗಲಿನ ನಿದ್ರೆ ಸಾಮಾನ್ಯವಾಗಿ ಮೊಟಕಾಗುತ್ತದೆ. ಮನೆಗೆಲಸ, ಮಕ್ಕಳ ಶಾಲೆ ಅದನ್ನು ಮತ್ತಷ್ಟು ಕತ್ತರಿಸುತ್ತವೆ. ಜೈವಿಕ ಲಯವನ್ನು ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿತು.

ಹೀಗಿದ್ದರೂ ವೃತ್ತಿತೃಪ್ತಿ ಕುಸಿಯುವುದಕ್ಕೆ ನಿದ್ರೆಗೇಡೊಂದೇ ಕಾರಣವಲ್ಲ. ಒಬ್ಬ ದಾದಿಯ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ ಎಂಬುದು ಅಷ್ಟೇ ನಿರ್ಣಾಯಕ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಲಿಂಡಾ ಏಕನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ದಾದಿಯೊಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್, ಅಂದರೆ ದೀರ್ಘಕಾಲದ ವೃತ್ತಿ ಒತ್ತಡದಿಂದ ಮನಸ್ಸು ಬರಿದಾಗಿ ಕೆಲಸದಿಂದಲೇ ದೂರ ಸರಿಯುವ ಸ್ಥಿತಿಯ ಸಂಭವ ಶೇ. 23ರಷ್ಟೂ, ಅತೃಪ್ತಿಯ ಸಂಭವ ಶೇ. 15ರಷ್ಟೂ ಹೆಚ್ಚಿದ್ದುದು ಕಂಡುಬಂದಿತು; ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ಸಾವಿನ ಸಂಭವವೂ ಶೇ. 7ರಷ್ಟು ಏರಿತ್ತು. ದಾದಿಯ ಆಯಾಸವನ್ನು ಅವಳ ಖಾಸಗಿ ಕಷ್ಟವೆಂದು ಬದಿಗಿರಿಸುವವರು ಈ ಕೊನೆಯ ಅಂಕಿಯನ್ನು ಗಮನಿಸಬೇಕು.

ರೋಗಿ ಚೇತರಿಸಿಕೊಂಡು ಮನೆಗೆ ಹೋಗುವುದನ್ನು ಕಾಣುವ ಸಂತೋಷ ಈ ವೃತ್ತಿಯಲ್ಲಿ ನಿಜವಾಗಿಯೂ ಇದೆ. ಆದರೆ ಅದನ್ನೇ 'ಸೇವೆ'ಯೆಂದು ಹೊಗಳಿ ಸಂಬಳವನ್ನು ಕಡಿಮೆಯಿಡುವುದು ಅನ್ಯಾಯ. ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ರಚನೆಯಾದ ಸಮಿತಿಯು 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದ ವೇತನವನ್ನು ಶಿಫಾರಸು ಮಾಡಬೇಕಾಗಿ ಬಂದದ್ದೇ ಪರಿಸ್ಥಿತಿ ಎಂಥದ್ದೆಂಬುದನ್ನು ತಿಳಿಸುತ್ತದೆ.

ಹೆಚ್ಚು ಹಣ ಬೇಡದ ಪರಿಹಾರಗಳೂ ಇವೆ. ಮನುಷ್ಯನ ಜೈವಿಕ ಗಡಿಯಾರ ಸರಾಸರಿ 24 ಗಂಟೆಗಿಂತ ತುಸು ನಿಧಾನವಾದುದರಿಂದ, ಪಾಳಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದಕ್ಕೆ ಸರಿಸಿದರೆ ದೇಹ ಸುಲಭವಾಗಿ ಹೊಂದಿಕೊಳ್ಳುತ್ತದೆ. ಡ್ಯೂಟಿ ಪಟ್ಟಿಯನ್ನು ಸಾಕಷ್ಟು ಮುಂಚಿತವಾಗಿ ಹಾಕಿ, ಅಗತ್ಯವಿದ್ದಾಗ ಸಹೋದ್ಯೋಗಿಯೊಡನೆ ಪಾಳಿ ಅದಲುಬದಲು ಮಾಡಿಕೊಳ್ಳಲು ಅವಕಾಶ ಕೊಟ್ಟರೆ, ತಮ್ಮ ಸಮಯದ ಮೇಲೆ ದಾದಿಯರಿಗೆ ಅಷ್ಟಾದರೂ ಹಿಡಿತ ಉಳಿಯುತ್ತದೆ.