ಊರು ಬಿಟ್ಟು ಬಂದ ತಂದೆಯ ಅಂತ್ಯಗೌರವ

ಮಣ್ಣಿನ ಋಣವೆಂಬುದು ಹುಟ್ಟಿದ ಊರಿಗೆ ಮಾತ್ರ ಸಲ್ಲುವಂಥದೆಂದು ನಾವು ಬಹುಕಾಲ ನಂಬಿದ್ದೆವು. ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ ಕಂಡ ಒಂದು ಸಾವು ಆ ನಂಬಿಕೆಯನ್ನು ತಿದ್ದಿತು.

ಕಲಬುರಗಿ ಸೀಮೆಯಿಂದ ಸಂಸಾರಸಮೇತ ಬಂದು, ಗಾರೆ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದ ಶರಣರೊಬ್ಬರು ಅಲ್ಲಿ ಲಿಂಗೈಕ್ಯರಾದರು. ಅವರ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಸುಮಾರು 600 ಕಿಲೋಮೀಟರು ದೂರದ ಸ್ವಗ್ರಾಮಕ್ಕೆ ದೇಹವನ್ನು ಒಯ್ಯಲು ವಾಹನದ ಬಾಡಿಗೆಗೆ ಹಣವಿರಲಿಲ್ಲ. ಇಲ್ಲಿಯೇ ಮಣ್ಣು ಮಾಡೋಣವೆಂದರೆ ಅಂಗೈಯಗಲ ನೆಲವಿರಲಿಲ್ಲ. ತಮ್ಮ ಹೊಲದಲ್ಲಿಯೇ ಹಿರಿಯರ ಸಮಾಧಿ ಮಾಡುವ ರೂಢಿ ನಮ್ಮ ಅನೇಕ ಮನೆತನಗಳಲ್ಲಿದೆ. ಹೊಲವೇ ಇಲ್ಲದವನ ಪಾಡೇನೆಂದು ನಾವು ಯೋಚಿಸಿದವರಲ್ಲ. ಹಿರಿಯ ಮಗ ನಮ್ಮೆದುರು ನಿಂತು, “ಅಪ್ಪಗ ಮಣ್ಣು ಕೊಡ್ಲಿಕ್ಕ ಜಾಗಾ ಬೇಕ್ರಿ” ಎಂದಷ್ಟೇ ಹೇಳಿ ತಲೆ ತಗ್ಗಿಸಿದನು. ಆ ತಗ್ಗಿದ ತಲೆಯೇ ಈ ಲೇಖನಕ್ಕೆ ಕಾರಣ.

ಊರಿನ ರೈತರೊಬ್ಬರು ತಮ್ಮ ತೋಟದ ಬದುವಿನಲ್ಲಿ ಜಾಗ ಬಿಟ್ಟುಕೊಟ್ಟರು. ನೆರೆಯವರು ಗುಣಿ ತೋಡಿದರು. ಒಬ್ಬ ತಾಯಿ ವಿಭೂತಿ ತಂದರು, ಇನ್ನೊಬ್ಬರು ಬಿಲ್ವಪತ್ರೆ ತಂದರು. ಸಂಜೆಯೊಳಗೆ ಕ್ರಿಯಾಸಮಾಧಿ ಸಾಂಗವಾಗಿ ನೆರವೇರಿತು.

ಊರು ಬಿಟ್ಟು ಬಂದವರು ಎಂಬ ಮಾತನ್ನು ಹಗುರವಾಗಿ ಆಡುವವರು ಕಲ್ಯಾಣವನ್ನೊಮ್ಮೆ ನೆನೆಯಬೇಕು. ಹನ್ನೆರಡನೆಯ ಶತಮಾನದ ಆ ಶರಣಸಮೂಹವೇ ಬಹುಮಟ್ಟಿಗೆ ವಲಸೆ ಬಂದವರ ಸಮೂಹ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರು. ಅಲ್ಲಿಂದ ಮಂಗಳವೇಡೆಗೆ, ಮುಂದೆ ಕಲ್ಯಾಣಕ್ಕೆ ಬಂದರು. ಅಲ್ಲಮಪ್ರಭುಗಳು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಇಂಥವರ ಮಕ್ಕಳೆನಿಸಿಕೊಂಡ ನಾವು, ಬದುಕನ್ನರಸಿ ಬಂದ ತಂದೆಯೊಬ್ಬನನ್ನು ಪರಸ್ಥಳದವನೆನ್ನುವುದು ಹೇಗೆ?

ಅಂತ್ಯಕ್ರಿಯೆಯ ವಿಷಯದಲ್ಲಿಯೂ ನಮ್ಮ ಧರ್ಮ ಬಡವನಿಗೆ ಹೊರೆಯಾಗುವಂಥದನ್ನು ವಿಧಿಸಿಲ್ಲ. ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು, ವಿಭೂತಿ ಪತ್ರೆಗಳೊಡನೆ ಮಣ್ಣಿಗೊಪ್ಪಿಸುವುದೇ ಮುಖ್ಯ ವಿಧಿ. ಶರಣರು ಮೃತಸೂತಕವನ್ನು ಒಪ್ಪಲಿಲ್ಲ. ಆದಕಾರಣ ಸೂತಕ ಕಳೆಯುವ ವೆಚ್ಚವೂ ನಮಗಿಲ್ಲ. ವೆಚ್ಚ ಬೆಳೆದಿರುವುದು ಮುಖ್ಯವಾಗಿ ಅನಂತರದ ಊಟದಲ್ಲಿ.

ನಂದಗುಡಿಯಲ್ಲಿಯೂ ಹಾಗೆಯೇ ಆಯಿತು. ಶಿವಗಣಾರಾಧನೆಗೆ ನೂರಾರು ಎಲೆ ಹಾಕಿಸದಿದ್ದರೆ ತಂದೆಗೆ ಅಗೌರವವೆಂದು ಯಾರೋ ಹೇಳಿದ್ದರಿಂದ, ಆ ಹುಡುಗ ಬಡ್ಡಿಗೆ ಸಾಲ ತರಲು ಹೊರಟಿದ್ದನು. ನಾವು ತಡೆದೆವು. “ಗುಣಿ ತೋಡಿದವರಿಗೆ ಪ್ರಸಾದ ನೀಡಪ್ಪ, ಅದೇ ಗಣಾರಾಧನೆ. ತಂಗಿಯ ಶಾಲೆಯ ಶುಲ್ಕದ ಹಣವನ್ನು ಮುಟ್ಟಬೇಡ” ಎಂದೆವು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಠದ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ವರದಿಯಾಗಿತ್ತು. ಹೋದವರಿಗೆ ಸಲ್ಲಿಸುವ ಗೌರವವು ಇರುವ ಮಕ್ಕಳ ಅನ್ನವನ್ನು ಕಸಿಯಬಾರದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಉಪದೇಶ ಬೇಕಿಲ್ಲ.

ಇಂಥ ಸಮಯದಲ್ಲಿ ನ್ಯಾಯವಾಗಿ ದೊರೆಯುವ ನೆರವನ್ನೂ ಸದ್ಭಕ್ತರು ತಿಳಿದಿರಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಮುಂದಿನ ಅರ್ಜಿಗಳಿಗೆಲ್ಲ ಅದೇ ಆಧಾರ. ಮೃತರು ಕಾರ್ಮಿಕರ ರಾಜ್ಯ ವಿಮೆಗೆ, ಅಂದರೆ ಇ.ಎಸ್.ಐ.ಗೆ, ಒಳಪಟ್ಟವರಾಗಿದ್ದರೆ ಅಂತ್ಯಕ್ರಿಯೆಗೆಂದು 15,000 ರೂಪಾಯಿಗಳವರೆಗೆ ಸಲ್ಲುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಜೀವಂತವಿದ್ದರೆ ಅಂತ್ಯಕ್ರಿಯೆಯ ವೆಚ್ಚವೂ ಅನುಗ್ರಹ ರಾಶಿಯೂ ಉಂಟು. ನಮ್ಮ ಶರಣರು ಆ ನೋಂದಣಿಯನ್ನು ನವೀಕರಿಸಿರಲಿಲ್ಲ. ನಿಮ್ಮ ನೆರೆಯಲ್ಲಿ ಗಾರೆ ಕೆಲಸದವರಿದ್ದರೆ ಇಂದೇ ಕೇಳಿ ನೋಡಿ. ವಿದೇಶದಲ್ಲಿ ದುಡಿಯಲು ಹೋದವರು ಅಲ್ಲಿ ಗತಿಸಿದರೆ, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಅರ್ಹ ಸಂದರ್ಭಗಳಲ್ಲಿ ದೇಹವನ್ನು ತರಿಸಲು ನಮ್ಮ ರಾಯಭಾರ ಕಚೇರಿ ನೆರವಾಗುತ್ತದೆ. ನೆಲದ ವಿಚಾರದಲ್ಲಿ, ಸ್ಮಶಾನಭೂಮಿಯಿಲ್ಲದ ಗ್ರಾಮಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿದೆ. ಗ್ರಾಮ ಪಂಚಾಯಿತಿಯಲ್ಲಿ ಇದನ್ನು ಕೇಳಲು ಸಂಕೋಚ ಬೇಡ.

ಆದರೆ ಅರ್ಜಿಯ ಹಣ ಬರುವುದು ತಡವಾಗಿ. ಗುಣಿ ತೋಡಬೇಕಾದದ್ದು ಅಂದೇ. ಈ ನಡುವಿನ ಅಂತರವನ್ನು ತುಂಬುವುದೇ ದಾಸೋಹ. ಪ್ರತಿ ಊರಿನ ಸಮಾಜದವರು ಒಂದು ಚಿಕ್ಕ ನಿಧಿಯನ್ನೂ ಸಮಾಧಿಗೆ ಒಂದಿಷ್ಟು ನೆಲವನ್ನೂ ಮೀಸಲಿಡಲಿ. ಕೊಡುವಾಗ ಸಭೆಯಲ್ಲಿ ಹೆಸರು ಕೂಗುವುದು ಬೇಡ, ಭಾವಚಿತ್ರವೂ ಬೇಡ. ದಾಸೋಹದಲ್ಲಿ ಕೊಟ್ಟೆನೆಂಬ ಭಾವವೇ ಸಲ್ಲದು. ಕೇಳುವವರೂ ನಾಚಬೇಕಾಗಿಲ್ಲ. ತಂದೆಯ ಸಮಾಧಿಗಾಗಿ ಕೈಯೊಡ್ಡುವುದು ಭಿಕ್ಷೆಯಲ್ಲ. ದುಡಿದು ದಣಿದವನಿಗೆ ಸಮಾಜ ತೀರಿಸಬೇಕಾದ ಬಾಕಿ.

ಈಚೆಗೆ ನಾವು ಮತ್ತೆ ನಂದಗುಡಿಗೆ ಹೋಗಿದ್ದೆವು. ತೋಟದ ಬದುವಿನಲ್ಲಿ ಆ ಹುಡುಗ ಬಿಲ್ವದ ಸಸಿಯೊಂದನ್ನು ನೆಟ್ಟಿದ್ದನು. ತಂಗಿ ಶಾಲೆಗೆ ಹೋಗಿದ್ದಳು. ಜಾಗ ಕೊಟ್ಟ ರೈತರೇ ಸಸಿಗೆ ನೀರೆರೆಯುತ್ತಿದ್ದರು. ಆ ತಂದೆಗೆ ಈಗ ನಂದಗುಡಿ ಪರಸ್ಥಳವಲ್ಲ.