ಒಬ್ಬೊಬ್ಬರಿಗೂ ಒಂದೊಂದು ಬುತ್ತಿ



ಹೊಲಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಯಾಪಲದಿನ್ನಿಯ ಸುತ್ತಮುತ್ತ ಹತ್ತಿ ಬಿಡಿಸುವ ಕಾಲದಲ್ಲಿ ಮನೆಮಂದಿಯೆಲ್ಲ ನಸುಕಿನಲ್ಲೇ ಹೊರಡುತ್ತೀರಿ. ಒಂದು ದೊಡ್ಡ ಅರಿವೆಯ ಗಂಟಿನಲ್ಲಿ ಎಲ್ಲರ ರೊಟ್ಟಿ, ಒಂದು ಬೋಗುಣಿಯಲ್ಲಿ ಎಲ್ಲರ ಪಲ್ಯ, ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ. ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಗಂಟು ಬಿಚ್ಚಿದಾಗ ಮೊದಲು ಗಂಡಸರು ಉಣ್ಣುತ್ತಾರೆ, ಅನಂತರ ಮಕ್ಕಳು, ಆಮೇಲೆ ಅತ್ತೆ, ಎಲ್ಲರ ಕೊನೆಗೆ ಸೊಸೆ. ಅವಳ ಸರದಿ ಬರುವ ವೇಳೆಗೆ ರೊಟ್ಟಿಯೇನೋ ಉಳಿದಿರುತ್ತದೆ, ಆದರೆ ಬೋಗುಣಿಯ ತಳ ಕಾಣುತ್ತಿರುತ್ತದೆ. ಇದರಲ್ಲಿ ಯಾರ ಕೇಡೂ ಇಲ್ಲ. ಒಂದೇ ಪಾತ್ರೆಯಿಂದ ಎಲ್ಲರೂ ತೆಗೆದುಕೊಳ್ಳುವಾಗ ಯಾರಿಗೆ ಎಷ್ಟು ಸಿಕ್ಕಿತೆಂಬುದು ಯಾರ ಗಮನಕ್ಕೂ ಬರುವುದಿಲ್ಲ, ಅಷ್ಟೆ.

ಏಳು ತಿಂಗಳ ಗರ್ಭಿಣಿಯೊಬ್ಬಳು ಪರೀಕ್ಷೆಗಾಗಿ ನನ್ನ ಬಳಿಗೆ ಬಂದಿದ್ದಳು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ೮ ಗ್ರಾಂ ಮಾತ್ರ ಇತ್ತು. ಗರ್ಭಿಣಿಯಲ್ಲಿ ಅದು ೧೧ ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಪರಿಗಣಿಸುತ್ತೇವೆ. ಇಂತಹ ಹೆಣ್ಣುಮಗಳಿಗೆ ಹೆರಿಗೆಯ ಸಮಯದಲ್ಲಿ ಆಗುವ ರಕ್ತಸ್ರಾವವು ಪ್ರಾಣಕ್ಕೇ ಎರವಾಗಬಹುದು, ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು. ಊಟದ ವಿಷಯ ಕೇಳಿದೆ. “ಎಲ್ಲಾರೂ ಉಂಡ ಮ್ಯಾಲ ಉಳಿದಿದ್ದು ಉಣ್ತೀನ್ರೀ” ಎಂದಳು. ಪಕ್ಕದಲ್ಲಿದ್ದ ಗಂಡ ಬೆರಗಾಗಿ, “ಬುತ್ತಿ ತುಂಬಾನ ಕಟ್ಟಿರ್ತೀವಲ್ರೀ ಸಾಹೇಬರ!” ಎಂದ. ಅವನು ಹೇಳಿದ್ದು ಸುಳ್ಳಲ್ಲ. ವೈದ್ಯಕೀಯ ಕಾಲೇಜಿನಲ್ಲಿ ನಾನು ಓದಿದ ಪುಸ್ತಕಗಳಲ್ಲಿ ಆಹಾರದ ಲೆಕ್ಕವೆಲ್ಲ ಇತ್ತು. ಮನೆಯಲ್ಲಿ ಯಾರು ಕೊನೆಗೆ ಉಣ್ಣುತ್ತಾರೆ ಎಂಬ ಪ್ರಶ್ನೆ ಮಾತ್ರ ಇರಲಿಲ್ಲ.

ಆ ದಿನ ನಾನು ಕಬ್ಬಿಣಾಂಶದ ಮಾತ್ರೆಗಳ ಜೊತೆಗೆ ಅವರಿಗೆ ಹೇಳಿದ ಉಪಾಯ ಬಹಳ ಸರಳವಾದದ್ದು. ಬುತ್ತಿಯನ್ನು ಮನೆಯಲ್ಲಿಯೇ ಪಾಲು ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಡಬ್ಬಿ ಕಟ್ಟಿರಿ. ಗರ್ಭಿಣಿಯ ಡಬ್ಬಿಯನ್ನು ಎಲ್ಲಕ್ಕಿಂತ ಮೊದಲು ತುಂಬಿರಿ.

ಇದಕ್ಕೆ ಹೊಸದಾಗಿ ಏನನ್ನೂ ಕೊಂಡು ತರಬೇಕಾಗಿಲ್ಲ. ಮುಚ್ಚಳ ಬಿಗಿಯಾಗಿ ಕೂಡುವ ಸಣ್ಣ ಸ್ಟೀಲ್ ಡಬ್ಬಿ ಸಾಕು. ಪುಂಡಿ ಪಲ್ಯ, ಮೊಸರು, ಹುಣಸೆಹುಳಿ ಹಾಕಿದ ಪದಾರ್ಥಗಳನ್ನು ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು. ಹುಳಿಯು ಲೋಹವನ್ನು ತಿನ್ನುತ್ತದೆ. ರೊಟ್ಟಿಯನ್ನು ಆರಿಸಿ, ಒಗೆದ ಅರಿವೆಯಲ್ಲಿ ಪ್ರತ್ಯೇಕವಾಗಿ ಸುತ್ತಬೇಕು. ಬಿಸಿ ಇರುವಾಗಲೇ ಡಬ್ಬಿಯಲ್ಲಿ ಮುಚ್ಚಿದರೆ ಉಗಿ ಕಟ್ಟಿ ಮೆತ್ತಗಾಗುತ್ತದೆ. ಕಟಿರೊಟ್ಟಿಯಾದರೆ ಈ ಚಿಂತೆಯೇ ಇಲ್ಲ.

ಡಬ್ಬಿಯಲ್ಲಿ ಏನಿರಬೇಕು? ಜೋಳದ ಅಥವಾ ಸಜ್ಜೆಯ ರೊಟ್ಟಿ ಶಕ್ತಿಯನ್ನು ಕೊಡುತ್ತದೆ, ಸ್ವಲ್ಪ ಮಟ್ಟಿಗೆ ಸಸಾರಜನಕವನ್ನೂ ಕೊಡುತ್ತದೆ. ಆದರೆ ಜೋಳದ ಸಸಾರಜನಕದಲ್ಲಿ ಇರುವ ಒಂದು ಕೊರತೆಯನ್ನು ಕಾಳುಬೇಳೆಗಳು ತುಂಬುತ್ತವೆ. ಆದುದರಿಂದ ರೊಟ್ಟಿಯ ಜೊತೆಗೆ ಹೆಸರು, ಮಡಕಿ, ತೊಗರಿ ಇವುಗಳಲ್ಲಿ ಯಾವುದಾದರೊಂದರ ಗಟ್ಟಿ ಪಲ್ಯ ತಪ್ಪದೆ ಇರಲಿ. ಶೇಂಗಾ ಚಟ್ನಿಪುಡಿಯನ್ನು ಬಡವರ ತಿನಿಸೆಂದು ಹಗುರವಾಗಿ ಕಾಣಬೇಡಿರಿ. ಶೇಂಗಾದ ತೂಕದಲ್ಲಿ ಸುಮಾರು ಕಾಲು ಭಾಗ ಸಸಾರಜನಕವೇ ಇದೆ. ಬೂಸಲು ಹಿಡಿದ ಶೇಂಗಾ ಬೀಜವನ್ನು ಮಾತ್ರ ಹುರಿದೂ ಬಳಸಕೂಡದು, ಅದರ ವಿಷವು ಹುರಿದರೂ ಪೂರ್ಣವಾಗಿ ಹೋಗುವುದಿಲ್ಲ. ಗುರೆಳ್ಳು ಪುಡಿಯಲ್ಲಿ ಕಬ್ಬಿಣಾಂಶವಿದೆ, ಎಳ್ಳಿನಲ್ಲಿ ಸುಣ್ಣದಂಶವಿದೆ. ಈ ಪುಡಿಗಳು ಬೇಗ ಕೆಡುವುದಿಲ್ಲ, ಒಮ್ಮೆ ಕುಟ್ಟಿಟ್ಟರೆ ಬಹಳ ದಿನ ಬರುತ್ತವೆ. ಮೊಟ್ಟೆ ತಿನ್ನುವವರು ಬೇಯಿಸಿದ ಮೊಟ್ಟೆಯೊಂದನ್ನು ಸಿಪ್ಪೆಸಹಿತ ಇಡಬಹುದು.

ಅರ್ಧ ನಿಂಬೆಹಣ್ಣನ್ನು ಮರೆಯಬೇಡಿರಿ. ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಉಣ್ಣುವಾಗ ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಇದಕ್ಕೆ ವಿರುದ್ಧವಾಗುತ್ತದೆ, ಚಹಾ ಒಂದು ತಾಸು ತಡೆದು ಆಗಲಿ. ಹೊಲದಲ್ಲಿ ಚಹಾ ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಗರ್ಭಿಣಿಗೆ ದಿನಕ್ಕೆ ೩೫೦ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ೫೦ ಗ್ರಾಂ ಹಿಟ್ಟಿನ ಒಂದು ರೊಟ್ಟಿ ಮತ್ತು ಒಂದು ಹಿಡಿ ಶೇಂಗಾ, ಇಷ್ಟರಿಂದ ಹೆಚ್ಚುಕಡಿಮೆ ಅದು ಪೂರೈಸುತ್ತದೆ. ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ಇನ್ನೂ ಹೆಚ್ಚು, ಎಂದರೆ ೬೦೦ ಕ್ಯಾಲೊರಿ ಬೇಕಾಗುತ್ತದೆ. ಹೊಟ್ಟೆಯಲ್ಲಿ ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಹೆದರಿ ಕಡಿಮೆ ಉಣ್ಣಿಸುವ ಹಿರಿಯರು ಈಗಲೂ ಇದ್ದಾರೆ. ಅವರಿಗೆ ಗಂಡನೇ ತಿಳಿಸಿ ಹೇಳಬೇಕು, ಸೊಸೆ ಹೇಳಲಾರಳು. ಊರಿನ ಅಂಗನವಾಡಿಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯು ರಾಜ್ಯದಲ್ಲಿ ೨೦೧೭ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹೊಲಕ್ಕೆ ಹೋಗದ ದಿನ ಅಲ್ಲಿಗೆ ಹೋಗಿ ಉಣ್ಣಬೇಕು. ಏನೇ ಉಂಡರೂ ಮಾತ್ರೆಯನ್ನು ಬಿಡಬಾರದು.

ನಮ್ಮ ಬಿಸಿಲಿನಲ್ಲಿ ಬುತ್ತಿ ಬೇಗ ಹಳಸುತ್ತದೆ. ರಾತ್ರಿ ಉಳಿದ ಪಲ್ಯವನ್ನು ಕಟ್ಟಬೇಡಿರಿ. ಬೆಳಿಗ್ಗೆ ಮಾಡಿದ್ದನ್ನು ನೀರಿನಂಶ ಕಡಿಮೆ ಮಾಡಿ ನೆರಳಿನಲ್ಲಿಟ್ಟು ಮಧ್ಯಾಹ್ನವೇ ಮುಗಿಸಿರಿ. ಹತ್ತಿಗೆ ಔಷಧ ಹೊಡೆದ ದಿನ ಕೈ, ಮುಖಗಳನ್ನು ಸಾಬೂನಿನಿಂದ ತೊಳೆಯದೆ ಡಬ್ಬಿಯನ್ನು ಮುಟ್ಟಕೂಡದು. ಗರ್ಭಿಣಿಯು ಆ ದಿನ ಹೊಲಕ್ಕೆ ಹೋಗದಿರುವುದೇ ಲೇಸು. ಔಷಧದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು.

ಆ ದಂಪತಿಗಳು ಮುಂದಿನ ತಿಂಗಳು ಮತ್ತೆ ಬಂದರು. ಹಿಮೋಗ್ಲೋಬಿನ್ ಏರತೊಡಗಿತ್ತು. ಬುತ್ತಿಯ ಬಗ್ಗೆ ವಿಚಾರಿಸಿದಾಗ ಗಂಡನೇ ದೂರು ಹೇಳಿದ. ಹೆಂಡತಿಯು ತನ್ನ ಡಬ್ಬಿಯ ಮೊಟ್ಟೆಯನ್ನೂ ಕಾಳುಪಲ್ಯವನ್ನೂ ಮೂರು ವರ್ಷದ ಮಗನಿಗೆ ತಿನ್ನಿಸಿ, ತಾನು ಬರೀ ರೊಟ್ಟಿ ತಿನ್ನುತ್ತಿದ್ದಳಂತೆ. ತಾಯಿಯ ಕೈ ತಡೆಯುವುದು ಯಾರಿಂದ ಸಾಧ್ಯ? ಆದುದರಿಂದ ಮಗನಿಗೂ ಒಂದು ಪುಟ್ಟ ಡಬ್ಬಿಯಾಗಲಿ ಎಂದೆ. ಮುರಿದ ರೊಟ್ಟಿಯನ್ನು ಬೇಳೆಯಲ್ಲಿ ಕಲಸಿ, ಅರ್ಧ ಮೊಟ್ಟೆಯನ್ನೂ ಚೂರು ಬೆಲ್ಲವನ್ನೂ ಇಟ್ಟು, ಅದನ್ನು ತಂದೆಯೇ ಬಿಚ್ಚಿ ಉಣ್ಣಿಸಬೇಕೆಂದು ಹೇಳಿ ಕಳುಹಿಸಿದೆ.