ದೇಹದ ಕಾವಲಿಗೆ ಹೆಸರಿತ್ತ ಕೋಳಿಯ ಚೀಲ

ನಮ್ಮ ಪತ್ರಿಕೆಯ ಪುಟಗಳಲ್ಲಿ ಕೋಳಿಯ ಪ್ರಸ್ತಾಪ ಬರುವುದು ವಿರಳವೇ ಸರಿ. ಶರಣ ಬಂಧುಗಳ ಅಡುಗೆಮನೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದಕಾರಣ ಅದರ ಶರೀರರಚನೆಯ ವಿಚಾರವೂ ನಮಗೆ ದೂರ. ಆದರೂ ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಕೋಳಿಯ ಬಾಲದ ಬುಡದಲ್ಲಿರುವ ಒಂದು ಪುಟ್ಟ ಚೀಲದ ವೃತ್ತಾಂತವನ್ನು. ಮಕ್ಕಳಿಗೆ ಹಾಕಿಸುವ ಲಸಿಕೆ ಹೇಗೆ ಫಲಿಸುತ್ತದೆ, ಕೆಲವೇ ಕೆಲವು ಕೂಸುಗಳಲ್ಲಿ ಅದು ಏಕೆ ಫಲಿಸುವುದಿಲ್ಲ ಎಂಬ ಪ್ರಶ್ನೆಗಳಿಗೆ ವೈದ್ಯಲೋಕವು ಉತ್ತರ ಕಂಡುಕೊಂಡ ದಾರಿ ಆ ಚೀಲದ ಮೂಲಕವೇ ಹಾದುಹೋಗಿದೆ.

ಒಮ್ಮೆ ದಡಾರ ಬಂದುಹೋದ ಮಗುವಿಗೆ ಅದು ಮತ್ತೆ ಬರುವುದಿಲ್ಲವೆಂಬುದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಸಂಗತಿ. ಇದಕ್ಕೆ ಕಾರಣವಾದ ವಸ್ತು ರಕ್ತದಲ್ಲಿದೆ ಎಂದು ಮೊದಲು ತೋರಿಸಿಕೊಟ್ಟವರು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ. ಧನುರ್ವಾಯುವಿನ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದ ತಿಳಿಯನ್ನು ಮತ್ತೊಂದು ಪ್ರಾಣಿಗೆ ಚುಚ್ಚಿದರೆ ಅದಕ್ಕೂ ರಕ್ಷಣೆ ದೊರೆಯುವುದನ್ನು ಅವರು 1890ರಲ್ಲಿ ಪ್ರಕಟಿಸಿದರು. ಆ ರಕ್ಷಕ ವಸ್ತುವಿಗೆ ಪ್ರತಿಕಾಯವೆಂದು ಹೆಸರಾಯಿತು. ಅದು ರಕ್ತದಲ್ಲಿರುವ ಗಾಮಾ ಗ್ಲೋಬುಲಿನ್ ಎಂಬ ಸಸಾರಜನಕದ ಗುಂಪಿಗೆ ಸೇರಿದ್ದೆಂಬುದೂ ಕಾಲಕ್ರಮದಲ್ಲಿ ತಿಳಿಯಿತು. ಆದರೆ ಅದನ್ನು ತಯಾರಿಸುವವರು ಯಾರು? 1948ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ಎಂಬ ವಿದುಷಿ ಪ್ಲಾಸ್ಮಾ ಕೋಶಗಳೆಡೆಗೆ ಬೆರಳು ತೋರಿಸಿದರು. ಆ ಕೋಶಗಳ ತವರು ಯಾವುದೆಂಬುದು ಮಾತ್ರ ಮರೆಯಾಗಿಯೇ ಉಳಿಯಿತು.

ಇದೇ ಹೊತ್ತಿಗೆ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಸೇನಾ ಆಸ್ಪತ್ರೆಗೆ ಎಂಟು ವರ್ಷದ ಬಾಲಕನೊಬ್ಬ ಮತ್ತೆ ಮತ್ತೆ ಬಂದು ಸೇರುತ್ತಿದ್ದ. ನ್ಯುಮೋನಿಯ ಗುಣವಾಗಿ ಮನೆಗೆ ಹೋದವನು ಕೆಲವೇ ವಾರಗಳಲ್ಲಿ ಮತ್ತೆ ಜ್ವರ ಹೊತ್ತು ಬರುವನು. ನಾಲ್ಕು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಬಾರಿ ಅವನ ರಕ್ತವೇ ನಂಜಾಗಿತ್ತು. ಚಿಕಿತ್ಸೆ ನೀಡುತ್ತಿದ್ದ ಡಾ. ಆಗ್ಡೆನ್ ಬ್ರೂಟನ್ ಅವರು ಆ ಕಾಲಕ್ಕೆ ಹೊಸದಾಗಿದ್ದ ವಿದ್ಯುತ್ ಪ್ರವಾಹದ ವಿಧಾನದಿಂದ ಅವನ ರಕ್ತದ ಅಂಶಗಳನ್ನು ಬೇರ್ಪಡಿಸಿ ನೋಡಿದಾಗ, ಗಾಮಾ ಗ್ಲೋಬುಲಿನ್ ಇರಬೇಕಾದ ಜಾಗ ಬರಿದಾಗಿತ್ತು. ಬಾಲಕನಿಗೆ ಪ್ರತಿಕಾಯಗಳೇ ಇರಲಿಲ್ಲ! ಅನ್ಯರ ರಕ್ತದಿಂದ ತೆಗೆದ ಗಾಮಾ ಗ್ಲೋಬುಲಿನ್ನನ್ನು ಬ್ರೂಟನ್ನರು ತಿಂಗಳಿಗೊಮ್ಮೆ ಚುಚ್ಚತೊಡಗಿದರು. ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ನಂಜು ಅವನತ್ತ ಸುಳಿಯಲಿಲ್ಲ. 1952ರಲ್ಲಿ ಈ ವರದಿ ಅಚ್ಚಾಯಿತು. ಚಿಕಿತ್ಸೆ ದೊರೆತಿತ್ತು, ಕಾರಣ ದೊರೆತಿರಲಿಲ್ಲ.

ಈಗ ಕೋಳಿಯ ಚೀಲದ ಮಾತಿಗೆ ಬರೋಣ. ಅದನ್ನು ಮೊದಲು ವರ್ಣಿಸಿದವರು ಇಟಲಿಯ ಪಾದುವಾ ನಗರದ ಶರೀರಶಾಸ್ತ್ರಜ್ಞ ಫೆಬ್ರಿಷಿಯಸ್. ಅವರ ಮರಣಾನಂತರ 1621ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಚೀಲದ ವಿವರಣೆಯಿದೆ. ಹುಂಜದ ವೀರ್ಯವನ್ನು ಹೇಂಟೆ ಕಾಪಿಟ್ಟುಕೊಳ್ಳುವ ಪಾತ್ರೆ ಅದೆಂದು ಅವರು ಭಾವಿಸಿದ್ದರು. ಆ ಊಹೆ ತಪ್ಪಾಗಿತ್ತು. ಹೆಸರು ಮಾತ್ರ ಉಳಿಯಿತು. ಲ್ಯಾಟಿನ್ ಭಾಷೆಯಲ್ಲಿ ಚೀಲಕ್ಕೆ ಬರ್ಸಾ ಎನ್ನುವುದರಿಂದ ಅದು ಫೆಬ್ರಿಷಿಯಸ್ಸನ ಬರ್ಸಾ ಎನಿಸಿಕೊಂಡಿತು. ಮುಂದೆ ಮುನ್ನೂರು ವರ್ಷಗಳ ಕಾಲ ಅದರ ನಿಜವಾದ ಕೆಲಸವೇನೆಂಬುದು ಬಯಲಾಗಲಿಲ್ಲ.

1950ರ ದಶಕದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಸಂಶೋಧನ ವಿದ್ಯಾರ್ಥಿಯಿದ್ದರು. ಹಕ್ಕಿಯೊಂದರ ದೇಹವನ್ನು ಸೀಳಿ ಪಾಠ ಮಾಡುತ್ತಿದ್ದ ಅಧ್ಯಾಪಕರನ್ನು ಅವರು, "ಈ ಚೀಲದ ಕೆಲಸವೇನು?" ಎಂದು ಕೇಳಿದರಂತೆ. "ನೀನೇ ಕಂಡುಹಿಡಿ" ಎಂಬರ್ಥದ ಉತ್ತರ ಬಂತಂತೆ. ಬಾಯಿ ಮುಚ್ಚಿಸಲು ಆಡಿದ ಮಾತೋ, ನಿಜವಾದ ಆಹ್ವಾನವೋ ನಾವು ಬಲ್ಲೆವಲ್ಲ; ಗ್ಲಿಕ್ ಅದನ್ನು ಆಹ್ವಾನವೆಂದೇ ಸ್ವೀಕರಿಸಿದರು. ಮರಿಗಳಿಂದ ಚೀಲವನ್ನು ತೆಗೆದುಹಾಕಿ ಕಾದರು. ಮರಿಗಳು ಎಂದಿನಂತೆಯೇ ಬೆಳೆದವು. ವ್ಯತ್ಯಾಸವೇನೂ ಕಣ್ಣಿಗೆ ಬೀಳಲಿಲ್ಲ.

ಆಗ ಸಹಪಾಠಿ ತಿಮೊಥಿ ಚಾಂಗ್ ಅವರಿಗೆ ತರಗತಿಯಲ್ಲಿ ಪ್ರತಿಕಾಯಗಳ ಉತ್ಪತ್ತಿಯನ್ನು ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್ಕರ ಬಳಿಯಿದ್ದ ಕೋಳಿಗಳನ್ನೇ ಕಡ ತಂದು ರೋಗಾಣುವಿನ ಚುಚ್ಚುಮದ್ದು ಕೊಟ್ಟರು. ಪ್ರಯೋಗ ಕೆಟ್ಟಿತು! ಹಲವು ಕೋಳಿಗಳು ಸತ್ತವು. ಬದುಕುಳಿದವುಗಳ ರಕ್ತದಲ್ಲಿ ಪ್ರತಿಕಾಯದ ಸುಳಿವಿರಲಿಲ್ಲ. ಲೆಕ್ಕ ತೆಗೆದು ನೋಡಿದಾಗ ಅವೆಲ್ಲ ಚೀಲ ಕಳೆದುಕೊಂಡ ಕೋಳಿಗಳೇ ಆಗಿದ್ದವು. ಕೆಟ್ಟುಹೋದ ಪಾಠವೇ ದೊಡ್ಡ ಶೋಧವಾಯಿತು. ಆದರೆ ಹೆಸರಾಂತ ವಿಜ್ಞಾನ ಪತ್ರಿಕೆಯೊಂದು ಅವರ ಲೇಖನವನ್ನು ಹಿಂದಿರುಗಿಸಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಗೆ ಸಂಬಂಧಿಸಿದ 'ಪೌಲ್ಟ್ರಿ ಸೈನ್ಸ್' ಎಂಬ ಪತ್ರಿಕೆಯಲ್ಲಿ ಅದು ಬೆಳಕು ಕಂಡಿತು. ಮನುಷ್ಯರ ವೈದ್ಯರು ಅಂಥ ಪತ್ರಿಕೆಯನ್ನು ತೆರೆದು ನೋಡುವುದು ಅಪರೂಪ.

ಅದರ ಮಹತ್ವವನ್ನು ಅರಿತವರಲ್ಲಿ ಡಾ. ಮ್ಯಾಕ್ಸ್ ಕೂಪರ್ ಪ್ರಮುಖರು. ಮಿಸಿಸಿಪ್ಪಿ ರಾಜ್ಯದಲ್ಲಿ 1933ರಲ್ಲಿ ಜನಿಸಿದ ಇವರು ವೃತ್ತಿಯಿಂದ ಮಕ್ಕಳ ವೈದ್ಯರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಗುಡ್ ಅವರ ಪ್ರಯೋಗಾಲಯವನ್ನು ಸೇರಿದಾಗ, ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳು ಅವರ ಕಣ್ಣೆದುರಿಗಿದ್ದರು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯೇ ನಿರೋಧಶಕ್ತಿಯ ಮೂಲವೆಂದು ಜಾಕ್ ಮಿಲ್ಲರ್ ಅವರು ಲಂಡನ್ನಿನಲ್ಲಿ 1961ರಲ್ಲಿ ತೋರಿಸಿದ್ದರು. ಎಲ್ಲವೂ ಅದೊಂದರಿಂದಲೇ ಆಗುವುದಾದರೆ ಕೋಳಿಯ ಚೀಲಕ್ಕೇನು ಕೆಲಸ? ಆಸ್ಟ್ರೇಲಿಯದ ಸಂಶೋಧಕರೂ ಕೋಳಿಗಳಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿರಬಹುದೆಂದು ಶಂಕಿಸಿದ್ದರು; ಪುರಾವೆ ಗಟ್ಟಿಯಾಗಿರಲಿಲ್ಲ.

ಕೂಪರ್ ಅವರ ಜಾಣ್ಮೆ ಇದ್ದದ್ದು ಇಲ್ಲಿ. ಮರಿಯು ಮೊಟ್ಟೆಯೊಡೆದು ಹೊರಬರುವ ಮೊದಲೇ ಕೆಲವು ಕೋಶಗಳು ಚೀಲವನ್ನು ಬಿಟ್ಟು ದೇಹದಲ್ಲಿ ಹರಡಿರುತ್ತವೆ. ಆಮೇಲೆ ಚೀಲವನ್ನು ತೆಗೆದರೂ ಅವು ಅಡಗಿ ಕುಳಿತು ಫಲಿತಾಂಶವನ್ನು ಮಸುಕುಗೊಳಿಸುತ್ತವೆ. ಆದ್ದರಿಂದ ಅವರು ಆಗತಾನೆ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಚೀಲವನ್ನು, ಕೆಲವಕ್ಕೆ ಥೈಮಸ್ಸನ್ನು ತೆಗೆದು, ಜೊತೆಗೆ ಕ್ಷಕಿರಣಗಳಿಂದ ಅಳಿದುಳಿದ ಕೋಶಗಳನ್ನೂ ನಾಶಪಡಿಸಿದರು. ಚೀಲವಿಲ್ಲದ ಮರಿಗಳಲ್ಲಿ ಪ್ಲಾಸ್ಮಾ ಕೋಶಗಳಿಲ್ಲ, ಪ್ರತಿಕಾಯಗಳಿಲ್ಲ; ಆದರೆ ಪರಕೀಯ ಚರ್ಮದ ಕಸಿಯನ್ನು ತಿರಸ್ಕರಿಸುವ ಶಕ್ತಿ ಉಳಿದಿತ್ತು. ಥೈಮಸ್ ಇಲ್ಲದ ಮರಿಗಳಲ್ಲಿ ಆ ತಿರಸ್ಕಾರದ ಶಕ್ತಿಯೇ ಕುಂದಿತ್ತು. 1965ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಒಂದೇ ಸೇನೆಯೆಂದುಕೊಂಡಿದ್ದದ್ದು ಎರಡು ದಳಗಳೆಂದು ಸಿದ್ಧವಾಯಿತು. ಬ್ರೂಟನ್ನರ ಬಾಲಕ ಒಂದು ದಳವಿಲ್ಲದವನು. ಅದೇ ವರ್ಷ ಫಿಲಡೆಲ್ಫಿಯದ ಡಾ. ಡಿಜಾರ್ಜ್ ಅವರು ಗುರುತಿಸಿದ, ಥೈಮಸ್ ಇಲ್ಲದೆ ಹುಟ್ಟಿದ ಕೂಸುಗಳು ಮತ್ತೊಂದು ದಳವಿಲ್ಲದವು. ಮುಂದೆ 1969ರಲ್ಲಿ ಥೈಮಸ್ಸಿನ ಕೋಶಗಳಿಗೆ ಟಿ ಎಂದೂ ಬರ್ಸಾದ ಕೋಶಗಳಿಗೆ ಬಿ ಎಂದೂ ಹೆಸರು ಸೂಚಿತವಾಯಿತು.

ಮನುಷ್ಯರಿಗೆ ಬರ್ಸಾ ಇಲ್ಲ. ಹಾಗಾದರೆ ನಮ್ಮ ಬಿ ಕೋಶಗಳ ತವರೆಲ್ಲಿ? ಕರುಳಿನ ಸುತ್ತ ವರ್ಷಗಟ್ಟಲೆ ಹುಡುಕಾಟ ನಡೆಯಿತು. 1974ರಲ್ಲಿ ಕೂಪರ್ ಅವರು ಲಂಡನ್ನಿನ ಸಹೋದ್ಯೋಗಿಗಳೊಡನೆ ಇಲಿಯ ಭ್ರೂಣದ ಯಕೃತ್ತಿನಲ್ಲಿ ಅವು ಹುಟ್ಟುವುದನ್ನು ತೋರಿಸಿದರು. ಹುಟ್ಟಿದ ಮೇಲೆ ಈ ಕಾರ್ಯವನ್ನು ಮೂಳೆಯ ಮಜ್ಜೆ ವಹಿಸಿಕೊಳ್ಳುತ್ತದೆ.

ಒಂದು ಬಿ ಕೋಶಕ್ಕೆ ಒಂದೇ ಬಗೆಯ ಪ್ರತಿಕಾಯ. ಕೋಟಿಗಟ್ಟಲೆ ಬಗೆಗಳಿಗೆ ಬೇಕಾದಷ್ಟು ಜೀನುಗಳು ದೇಹದಲ್ಲಿಲ್ಲ. ಜೀನಿನ ತುಣುಕುಗಳನ್ನೇ ಕೋಶವು ನಾನಾ ರೀತಿಯಲ್ಲಿ ಕೂಡಿಸಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಹುಮಾನ ಸಂದಿತು. ತನಗೆ ಹೊಂದುವ ರೋಗಾಣು ಎದುರಾದೊಡನೆ ಆ ಬಿ ಕೋಶ ಬಹುಸಂಖ್ಯೆಯಲ್ಲಿ ವೃದ್ಧಿಯಾಗುತ್ತದೆ. ಕೆಲವು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯಗಳನ್ನು ಸುರಿಸುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಈ ನೆನಪನ್ನು ರೋಗ ತಾರದೆಯೇ ಮೂಡಿಸುವುದು ಲಸಿಕೆಯ ಕೆಲಸ. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಕೂಸಿಗೆ ಹರಿದುಬರುತ್ತವೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿಯೂ ಅವು ಹೇರಳವಾಗಿರುತ್ತವೆ. ಆ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಎಲ್ಲಿಯೇ ಉಳಿದಿರಲಿ, ಅದು ಕೂಡಲೇ ನಿಲ್ಲಬೇಕೆಂದು ನಾವು ಒತ್ತಿ ಹೇಳುತ್ತೇವೆ.

ತಾಯಿಯಿಂದ ಬಂದ ಆ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕರಗುತ್ತವೆ. ಆದುದರಿಂದಲೇ ಬ್ರೂಟನ್ನರ ಕಾಯಿಲೆಯುಳ್ಳ ಗಂಡುಕೂಸುಗಳು ಮೊದಲ ಆರು ತಿಂಗಳು ಚೆನ್ನಾಗಿದ್ದು, ಆನಂತರ ಕಿವಿ ಸೋರುವುದು, ನ್ಯುಮೋನಿಯ ಎಂದು ಒಂದರ ಮೇಲೊಂದು ಅನುಭವಿಸುತ್ತವೆ. ಅಂಥ ಕೂಸನ್ನು ಹೊತ್ತ ತಾಯಿಗೆ ಎಷ್ಟೋ ಮನೆಗಳಲ್ಲಿ ಕೇಳಬೇಕಾಗಿ ಬರುವ ಮಾತುಗಳು ನಮಗೆ ತಿಳಿಯದವಲ್ಲ: ದೃಷ್ಟಿಯಾಯಿತು, ಅವಳ ಹಾಲೇ ಸರಿಯಿಲ್ಲ, ಅವಳ ಕಾಲ್ಗುಣ. 1993ರಲ್ಲಿ ಎರಡು ಸಂಶೋಧನ ತಂಡಗಳು ಈ ಕಾಯಿಲೆಯ ಜೀನನ್ನು ಎಕ್ಸ್ ವರ್ಣತಂತುವಿನಲ್ಲಿ ಗುರುತಿಸಿದವು. ಆ ಜೀನು ಕೆಟ್ಟರೆ ಬಿ ಕೋಶಗಳು ಮಜ್ಜೆಯಲ್ಲಿ ಬೆಳೆಯುತ್ತಿರುವಾಗಲೇ ನಿಂತುಹೋಗುತ್ತವೆ. ಅದು ತಾಯಿಯಿಂದ ಬರುವುದುಂಟು. ತಾಯಿಗೆ ಎರಡು ಎಕ್ಸ್ ಇರುವುದರಿಂದ ಅವಳಿಗೆ ಕಾಯಿಲೆಯ ಸುಳಿವೇ ಇರದು. ವಂಶದಲ್ಲಿ ಹಿಂದೆ ಯಾರಿಗೂ ಇರದೆ ಹೊಸದಾಗಿ ತಲೆದೋರುವುದೂ ಉಂಟು. ಇದರಲ್ಲಿ ಆ ತಾಯಿಯ ತಪ್ಪೇನಿದೆ? ಜನನಸೂತಕ, ರಜಸ್ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ಮನೆತನದವರೆನ್ನಿಸಿಕೊಂಡು, ಜೀನಿನ ದೋಷವನ್ನು ಸೊಸೆಯ ತಲೆಗೆ ಕಟ್ಟುವುದು ನಮಗೆ ತರವಲ್ಲ. ಪದೇ ಪದೇ ನ್ಯುಮೋನಿಯಕ್ಕೆ ತುತ್ತಾಗುವ ಕೂಸಿನ ರಕ್ತದಲ್ಲಿ ಪ್ರತಿಕಾಯದ ಪ್ರಮಾಣವನ್ನು ಪರೀಕ್ಷಿಸುವಂತೆ ಮಕ್ಕಳ ತಜ್ಞರಲ್ಲಿ ಕೇಳುವುದು ವಿವೇಕ. ಲಸಿಕೆ ಎಲ್ಲ ಮಕ್ಕಳಿಗೂ ಬೇಕು. ಆದರೆ ಮನೆಯಲ್ಲಿ ಇಂಥ ಕಾಯಿಲೆಯ ಮಗುವಿದ್ದರೆ ಬಾಯಿಗೆ ಹಾಕುವ ಪೋಲಿಯೊ ಹನಿಯಂಥ ಜೀವಂತ ಲಸಿಕೆಗೆ ಮೊದಲು ವೈದ್ಯರಿಗೆ ತಿಳಿಸಲೇಬೇಕು.

ಆ ಜೀನು ತಯಾರಿಸುವ ಕಿಣ್ವವನ್ನೇ ತಡೆಯುವ ಔಷಧಿಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಿ ಕೋಶಗಳು ಮಿತಿಮೀರಿ ಬೆಳೆಯುವ ಕೆಲವು ಕ್ಯಾನ್ಸರುಗಳಿಗೆ ಅದು ಮದ್ದು. ಕೂಪರ್ ಮತ್ತು ಮಿಲ್ಲರ್ ಇಬ್ಬರಿಗೂ 2019ರಲ್ಲಿ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು.

ಇನ್ನು ಕೋಳಿ ಸಾಕುವ ರೈತರ ಮಾತು. ಗಂಬೊರೊ ಎಂಬ ರೋಗ ಅವರಿಗೆ ಸುಪರಿಚಿತ. ಅದರ ವೈರಾಣು ಮರಿಗಳ ಆ ಚೀಲಕ್ಕೇ ಲಗ್ಗೆಯಿಡುತ್ತದೆ. ಚೀಲ ಹಾಳಾದ ಮರಿಗಳಿಗೆ ಆಮೇಲೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಅದು ಸರಿಯಾಗಿ ನಾಟುವುದಿಲ್ಲ. ಆದ್ದರಿಂದಲೇ ಮರಿಗಳು ಎಳೆಯವಿರುವಾಗಲೇ ಕುಡಿಯುವ ನೀರಿನಲ್ಲಿ ಬೆರೆಸಿ ಗಂಬೊರೊ ಲಸಿಕೆಯನ್ನು ಕೊಡುತ್ತಾರೆ.